ಎಂಬತ್ತನೇ ಬಾಗಿಲು

ಎಂಬತ್ತನೇ ಬಾಗಿಲಲ್ಲಿ ಯಾರು ಕೂರಬೇಕು ಎನ್ನುವುದು ರಾಜ್ಯಗಳು ಎದ್ದು ಬೀಳಲು ಸಾಕಾಗುವಷ್ಟು ಗಂಭೀರವಾದ ಪ್ರಶ್ನೆ. ದೇವನಹಳ್ಳಿಯ ಹತ್ತಿರದ ವಿಜಯಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಜಿನ ಕೆಳಗೆ, ಒಡೆದ ಬಕೆಟ್ಟು ಮತ್ತು ಕೆಟ್ಟ ಲ್ಯಾಮಿನೇಶನ್ ಮಿಷನ್ನಿನ ನಡುವೆ ಅದು ಇತ್ಯರ್ಥವಾಗದೆ ಬಿದ್ದಿತ್ತೆಂದ ಮಾತ್ರಕ್ಕೆ ಅದರ ಘನತೆಗೆ ಕುಂದು ಬರುವುದಿಲ್ಲ. ಶ್ರಾವಣದ ಆ ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಬರೀಶ್ ಒಂದು ತೀರ್ಮಾನಕ್ಕೆ ಬಂದಿದ್ದ. ಸಂಜೆ ಅಂಗಡಿಯ ಶಟರ್ ಎಳೆಯುವುದರೊಳಗೆ ಈ ಊರಿನಲ್ಲಿ ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ನಿನ್ನ ಪೇಜು ಯಾಕೆ ಬರುತ್ತಿಲ್ಲ ಎಂದು ಕೇಳಿದರೆ ಸರಿ. ಇಲ್ಲದಿದ್ದರೆ ತನ್ನ ಸರ್ವರನ್ನು ಮೇಜಿನ ಕೆಳಗಿನ ಕಂಪ್ಯೂಟರ್ ಮಿಷನ್ನಿನಿಂದ ಬೇರುಸಮೇತ ಕಿತ್ತುಹಾಕಿಬಿಡುವುದು. ತೀರ್ಮಾನ ಗಟ್ಟಿಯಾಗಿತ್ತು. ಬಾಯಿ ತುಂಬ ನೊರೆಯಿದ್ದದ್ದರಿಂದ ಅದನ್ನು ಯಾರಿಗೂ ಘೋಷಿಸಲು ಆಗಲಿಲ್ಲ.

ಆ ಮಿಷನ್ನಿನೊಳಗೆ ಸರ್ವರ್‌ಗಳು ಎರಡು. ಸರ್ವರ್ ಎಂದರೆ ಏನೋ ಆಳೆತ್ತರದ ಕಬ್ಬಿಣದ ಬೀರು ಎಂದುಕೊಂಡವರಿಗೆ ಅಂಬರೀಶ್ ತಿಳಿಸಿ ಹೇಳುವುದಿತ್ತು: ಅದು ಬರೀ ಒಂದು ಪ್ರೋಗ್ರಾಮು, ಬಾಗಿಲಲ್ಲಿ ಕೂತ ಆಳಿನ ಹಾಗೆ, ಯಾರೋ ಎಲ್ಲಿಂದಲೋ ಫೋನಿನಲ್ಲಿ ಬಂದು ಇಂಥ ಪುಟ ಕೊಡಪ್ಪ ಎಂದರೆ ಒಳಗೆ ಹೋಗಿ ತಂದುಕೊಡುತ್ತದೆ. ಮಿಷನ್ನಿಗೆ ಬಾಗಿಲುಗಳು ಸಾವಿರಾರು, ಒಂದೊಂದಕ್ಕೂ ಒಂದು ನಂಬರು. ಆದರೆ ಲೋಕವೆಲ್ಲ ವಿಳಾಸ ಕೇಳದೆ ಬಂದು ತಟ್ಟುವುದು ಎಂಬತ್ತನೆಯದನ್ನು. (ಬೀಗ ಹಾಕಿದ ಇನ್ನೊಂದು ಬಾಗಿಲೂ ಉಂಟು, ನಾನೂರ ನಲವತ್ತಮೂರು, ಅದರ ತಕರಾರೂ ಇದೇ ಆದ್ದರಿಂದ ಅದನ್ನು ಇಲ್ಲಿ ಬಿಡಬಹುದು.) ಒಂದು ಬಾಗಿಲಿಗೆ ಒಬ್ಬರೇ. ಎರಡನೆಯವರು ಬಂದು ಕೂರಲು ನೋಡಿದರೆ, ಈ ಜಾಗದಲ್ಲಿ ಆಗಲೇ ಯಾರೋ ಇದ್ದಾರೆ ಎಂದು ಮಿಷನ್ನು ಒಂದೇ ಸಾಲಿನ ತೀರ್ಪು ಕೊಟ್ಟು ಬಂದವರನ್ನು ಹೊರಗೆ ಹಾಕುತ್ತದೆ; ಅಪೀಲಿಲ್ಲ. ಎಷ್ಟೋ ವರ್ಷದಿಂದ ಆ ಬಾಗಿಲಲ್ಲಿ ಕೂತಿದ್ದದ್ದು ಅಂಬರೀಶನ ಸರ್ವರು, ಹೆಸರು ಅಪಾಚೆ. ಅದು ಹಂಚುತ್ತಿದ್ದುದು ಒಂದೇ ಪುಟ: ಆ ದಿನ ಊರಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಕೆ.ಜಿ.ಗೆ ಎಷ್ಟಕ್ಕೆ ಹೋಯಿತು, ಹೆಚ್ಚು, ಕಡಿಮೆ, ಸರಾಸರಿ. ಎರಡನೆಯ ಸರ್ವರು ಅವನ ಹೆಂಡತಿ ರಂಜಿತಳದು, ಹೆಸರು ಎಂಜಿನ್‌ಎಕ್ಸ್. ಅದು ಹಂಚುತ್ತಿದ್ದುದು ಸೀರೆಯ ಸೆರಗಿಗೆ ಅವಳು ಕಟ್ಟುವ ಕುಚ್ಚಿನ ಚಿತ್ರಗಳನ್ನು. ಹೋದ ವಾರದಿಂದ ಎಂಬತ್ತರಲ್ಲಿ ಕೂತಿದ್ದದ್ದು ಅದು. ಅಪಾಚೆ ನಿಂತುಹೋಗಿತ್ತು. ಅದನ್ನು ಇನ್ನೊಂದು ಬಾಗಿಲಿಗೆ, ಎಂಟು ಸಾವಿರದ ಎಂಬತ್ತಕ್ಕೆ, ಕೂರಿಸಿ ಎಬ್ಬಿಸಲು ಒಂದು ಫೈಲಿನಲ್ಲಿ ಒಂದು ಅಂಕಿ ತಿದ್ದಿದರೆ ಸಾಕಿತ್ತು. ಅಂಬರೀಶ್ ತಿದ್ದಿರಲಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ.

"ಉಪ್ಪಿಟ್ಟು ಆರೋಗ್ತಿದೆ ರೀ," ಎಂದಳು ರಂಜಿತ. ಅಂಗಡಿಗೆ ಅಂಟಿಕೊಂಡ ಮನೆಯ ಹಾಲಿನಲ್ಲಿ ಚಾಪೆಯ ಮೇಲೆ ಕೂತು, ಕುರ್ಚಿಯ ಬೆನ್ನಿಗೆ ಪಿನ್ನು ಹಾಕಿ ಬಿಗಿದ ಅರಿಶಿನ ಬಣ್ಣದ ಸೀರೆಯ ಅಂಚಿಗೆ ಗಂಟು ಹಾಕುತ್ತಿದ್ದಳು. ನಾಳೆ ವರಮಹಾಲಕ್ಷ್ಮಿ. ಲೋಕದ ಹೆಂಗಸರಿಗೆಲ್ಲ ಸೀರೆಗೆ ಕುಚ್ಚಿಲ್ಲವೆಂದು ಗೊತ್ತಾಗುವುದು ಹಬ್ಬದ ಹಿಂದಿನ ದಿನವೇ. "ಮಾರ್ಕೆಟ್ಟಿಗೆ ಹೋಗ್ತೀರಾ ಇವತ್ತೂ?"

"ಹೋಗ್ದೇ?"

"ಸುಮ್ನೆ ಕೇಳ್ದೆ ಅಷ್ಟೆ." ಅವಳು ತಲೆಯೆತ್ತಿ ನೋಡಿದಳು, ಏನೋ ಹೇಳುವವಳಂತೆ, ಆಮೇಲೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. ಆ ಇವತ್ತೂ ಎನ್ನುವುದರ ಕೊನೆಯ ದೀರ್ಘವನ್ನು ಅಂಬರೀಶ್ ಉಪ್ಪಿಟ್ಟಿನ ಜೊತೆ ಅಗಿದ. ಅದರಲ್ಲಿ ಕನಿಕರವಿತ್ತೇ? ಇದ್ದರೆ ಅದನ್ನು ಸಹಿಸುವುದು ಕಷ್ಟ. ಇಲ್ಲದಿದ್ದರೆ ಇನ್ನೂ ಕಷ್ಟ, ಏಕೆಂದರೆ ಆಗ ಅವಳಿಗೂ ಏನೂ ಗೊತ್ತಾಗಿಲ್ಲವೆಂದಾಯಿತು. ಪಕ್ಕದಲ್ಲಿದ್ದ ಅವಳ ಫೋನು ಬಡಕೊಂಡಿತು. "ಹೇಳಿ ಅಕ್ಕಾ, ಪೇಜಲ್ಲಿ ಮೂರ್ನೇದು ಇದೆಯಲ್ಲ, ಮುತ್ತಿಂದು, ಅದಾ?" ಎಂದು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಅವಳು ಮಾತಾಡುತ್ತಿದ್ದಾಗ ಬೆರಳು ಗಂಟು ತಪ್ಪಲಿಲ್ಲ. ಪೇಜಲ್ಲಿ ಇದೆಯಲ್ಲ. ಎಷ್ಟು ಸಲೀಸಾಗಿ ಹೇಳುತ್ತಾಳೆ. ತನ್ನ ಬಾಯಿಂದ ಈ ಮಾತು ಕೊನೆಯ ಸಲ ಬಂದದ್ದು ಯಾವಾಗ ಎಂದು ನೆನೆಯುತ್ತಾ ಅವನು ತಟ್ಟೆ ತೊಳೆದಿಟ್ಟು ಹೊರಟ. ಸಾಮಾನ್ಯವಾಗಿ ತಟ್ಟೆ ತೊಳೆಯುವವನಲ್ಲ. ಕಿತ್ತುಹಾಕುವ ದಿನ ಮನುಷ್ಯ ತುಸು ಉದಾರಿಯಾಗಿರಬೇಕು ಎನ್ನಿಸಿತು.

ಬೀದಿಗೆ ಗೂಡು ಬೇಯಿಸುವ ವಾಸನೆ ಬಂದಿತ್ತು. ಹೊರಗಿನವರು ಇಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಅಂಬರೀಶನಿಗೆ ಆ ವಾಸನೆಯಿಲ್ಲದ ಬೆಳಗು ಹಬ್ಬವೋ ಸಾವೋ ಆಗಿರಬೇಕು. ಗೋಡೆಯಾಚೆ ಹುರಿ ಮಿಷನ್ನುಗಳ ಗರಗರ ಕೇಳುತ್ತಿತ್ತು. ಸಾವಿರ ಕದಿರು ಒಂದೇ ಉಸಿರಿನಲ್ಲಿ ತಿರುಗುವ ಆ ಸದ್ದಿನಲ್ಲಿ ಎರಡೆಳೆಗಳು ಸೇರಿ ಒಂದಾಗುತ್ತವೆ ಎಂದು ಬೆಂಗಳೂರಿನಿಂದ ಬಂದ ಒಬ್ಬ ಕವಿ ಗೋಷ್ಠಿಯಲ್ಲಿ ಹೇಳಿದ್ದ. ಮಿಷನ್ನಿನ ಮಾಲೀಕ ಹಿಂದಿನ ಸಾಲಿನಿಂದ, ಸರಿಯಾಗಿ ಎಣ್ಣೆ ಬಿಡದಿದ್ದರೆ ಕಿತ್ತೂ ಹೋಗ್ತವೆ ಸ್ವಾಮಿ ಎಂದಿದ್ದ. ರಂಜಿತ ಮೊದಲು ಅಪಾಚೆಯ ಒಳಗೇ ಇದ್ದಳು. ಹಾಗಂದರೆ ಅವಳ ಕುಚ್ಚಿನ ಪುಟವನ್ನು ಅಂಬರೀಶ್ ತನ್ನ ಸರ್ವರಿನ ಒಂದು ಮೂಲೆಯಲ್ಲಿ ಇಟ್ಟುಕೊಟ್ಟಿದ್ದ, ದೊಡ್ಡ ಮನಸ್ಸಿನಿಂದ. ಇವನು ಗೂಡಿನ ಪುಟದಲ್ಲಿ ಏನಾದರೂ ಕೈಯಾಡಿಸಿದಾಗೆಲ್ಲ ಅವಳದು ಬಿದ್ದುಹೋಗುತ್ತಿತ್ತು. ರೀ, ಸ್ವಲ್ಪ ಎಬ್ಬಿಸಿಕೊಡಿ ಎಂದು ಅವಳು ಬಂದು ನಿಲ್ಲುವಳು. ಈ ಜೆರಾಕ್ಸ್ ಮುಗಿಸಿ ನೋಡ್ತೀನಿ ಎಂದು ಇವನು ಹೇಳುವನು. ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯಲ್ಲಿ ತೆಗೆಯುವಷ್ಟು ಹೊತ್ತು ಅವಳು ಮೇಜಿನ ಪಕ್ಕ ನಿಂತಿರುವಳು, ಗಿರಾಕಿಯ ಹಾಗೆ, ಕೈಯಲ್ಲಿ ಅರ್ಧ ಕಟ್ಟಿದ ಸೆರಗು ಹಿಡಿದು. ಹಾಗೆ ಎಷ್ಟು ಸಲ ನಿಂತಿದ್ದಳೋ. ಆಗ ಅವಳ ಮುಖ ನೋಡಿರಲಿಲ್ಲ ಎಂಬುದು ಈಗ ಗೋಡೆಯ ಗರಗರದ ನಡುವೆ ಹೊಳೆಯಿತು; ನಿಂತ ಪಾದಗಳಷ್ಟೇ ನೆನಪಿಗೆ ಬಂದವು, ಎಡಗಾಲಿನ ಕಾಲುಂಗುರ ಸ್ವಲ್ಪ ಸವೆದದ್ದು. ಒಂದು ದಿನ ಅವಳು ಎಬ್ಬಿಸಿಕೊಡಿ ಎನ್ನಲು ಬರಲಿಲ್ಲ. ಫೋನಿನಲ್ಲಿ ಯಾವುದೋ ಹುಡುಗ ಇಂಗ್ಲಿಷು ತೆಲುಗು ಬೆರೆಸಿ ಪಾಠ ಹೇಳುವ ವಿಡಿಯೋಗಳನ್ನು ನೋಡಿ, ಅಡುಗೆಮನೆಯಲ್ಲಿ ಕುಕ್ಕರು ಕೂಗುವ ಸಂದಿನಲ್ಲಿ, ಅದೇ ಮಿಷನ್ನಿನೊಳಗೆ ತನ್ನದೇ ಸರ್ವರು ಎಬ್ಬಿಸಿಕೊಂಡಿದ್ದಳು.

"ಒಂದಿರೋವಾಗ ಇನ್ನೊಂದ್ಯಾಕೆ? ಮಿಷನ್ನು ಭಾರ ತಡೆಯಲ್ಲ," ಎಂದಿದ್ದ ಅಂಬರೀಶ್.

"ತಡೀತಿದೆಯಲ್ಲ," ಎಂದಿದ್ದಳು ಅವಳು.

ತಡೆಯುತ್ತಿತ್ತು. ಎಂಬತ್ತು ಇವನದು, ಎಂಟು ಸಾವಿರದ ಎಂಬತ್ತು ಅವಳದು. ಆದರೆ ಅವಳ ಗಿರಾಕಿಗಳು ವಿಳಾಸದ ಕೊನೆಗೆ ಎರಡು ಚುಕ್ಕೆ ಇಟ್ಟು ಆ ಉದ್ದನೆಯ ನಂಬರನ್ನು ಒತ್ತಬೇಕಿತ್ತು, ಯಾರೂ ಒತ್ತುತ್ತಿರಲಿಲ್ಲ, ಒತ್ತದವರೆಲ್ಲ ನೇರವಾಗಿ ಬಂದು ಗೂಡಿನ ರೇಟಿನ ಮುಂದೆ ನಿಲ್ಲುತ್ತಿದ್ದರು. "ನನ್ನ ಹತ್ರ ಬರೋ ಹೆಂಗಸ್ರೆಲ್ಲ ಹಿತ್ಲಿಂದ ಯಾಕ್ರೀ ಬರ್ಬೇಕು? ನಾನು ಮುಂದೆ ಕೂತ್ಕೋತೀನಿ. ನಿಮ್ಮೋರು ಬಂದ್ರೆ ಒಳಗೆ ನಿಮ್ಮ ಹತ್ರ ಕಳಿಸ್ತೀನಿ. ಎಲ್ಲಾ ಕಡೆ ಹಂಗೇ ಮಾಡೋದು." ಎಲ್ಲಾ ಕಡೆ ಹಾಗೇ ಮಾಡುವುದು ನಿಜ. ಅಂಬರೀಶ್ ಕದ್ದು ಓದಿ ನೋಡಿದ್ದ. ಒಂದು ಮಿಷನ್ನಿನಲ್ಲಿ ಎರಡನ್ನೂ ಓಡಿಸಬೇಕೆಂದಾಗ ಲೋಕದ ಎಲ್ಲ ಜಾಣರೂ ಒಂದೇ ಮಾತು ಹೇಳುತ್ತಿದ್ದರು: ಎಂಜಿನ್‌ಎಕ್ಸ್ ಮುಂದೆ, ಅಪಾಚೆ ಹಿಂದೆ. ಅದು ಚುರುಕು, ಬಂದವರನ್ನೆಲ್ಲ ಸುಧಾರಿಸುತ್ತದೆ. ಇದು ನಿಧಾನ, ಒಳಗೆ ಕೂತು ಕೆಲಸ ಮಾಡಿಕೊಂಡಿರಲಿ. ಯಾವುದೋ ದೇಶದ ಯಾರೋ ಅಪರಿಚಿತ ತನ್ನ ಸಂಸಾರವನ್ನು ಇಣುಕಿ ನೋಡಿ ಬರೆದ ಹಾಗಿತ್ತು. ಮಿಷನ್ನಿನ ಮಟ್ಟಿಗೆ ಅದು ಸರಿಯೇ ಎಂದು ಗೊತ್ತಿದ್ದೂ ಅವನು ಮೂರು ತಿಂಗಳು ತಾಂತ್ರಿಕ ಕಾರಣಗಳನ್ನು ಕೊಟ್ಟಿದ್ದ. ಅಷ್ಟೊಂದು ತಾಂತ್ರಿಕ ಕಾರಣಗಳು ತನ್ನಲ್ಲಿವೆಯೆಂದು ಅವನಿಗೇ ಗೊತ್ತಿರಲಿಲ್ಲ.

ಮಾರ್ಕೆಟ್ಟಿನ ಹಜಾರದಲ್ಲಿ ಜಾಲರಿಗಳ ತುಂಬ ಗೂಡು ಹರಡಿತ್ತು, ಬಿಳಿಯದು ಒಂದು ಕಡೆ, ಹಳದಿಯದು ಒಂದು ಕಡೆ. ಹರಾಜು ಕೂಗುವ ಗಂಟಲುಗಳು ಹೋಗಿ ಕಾಲವಾಗಿತ್ತು. ಈಗ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಗೋಡೆಗೊರಗಿ ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಪಕ್ಕದವನು ಎಷ್ಟು ಒತ್ತಿದನೆಂದು ಕಾಣದಂತೆ ಅಂಗೈ ಅಡ್ಡ ಹಿಡಿಯುತ್ತಾರೆ. ಅಂಬರೀಶ್ ಬೋರ್ಡಿನ ಕೆಳಗೆ ನಿಂತು ದಿನದ ಮೂರು ಅಂಕಿಗಳನ್ನು ಫೋನಿಗೆ ಇಳಿಸಿಕೊಂಡ. ಸರ್ವರು ನಿಂತ ಮೇಲೂ ಇದನ್ನು ಬಿಟ್ಟಿರಲಿಲ್ಲ; ದಿನವೂ ಬಂದು, ಬರೆದುಕೊಂಡು, ಹೋಗಿ ಮಿಷನ್ನಿನೊಳಗಿನ ಫೈಲಿನಲ್ಲಿ ಹಾಕುತ್ತಿದ್ದ, ಯಾರಿಗೂ ಕಾಣದ ಪುಟಕ್ಕೆ. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೇಳುವವರೂ ಇರಲಿಲ್ಲ.

"ಏನಪ್ಪಾ ಅಂಬ್ರೀ, ಚೆಂದಾಕಿದ್ದೀಯಾ?" ಎಂದು ಕಲ್ಲು ಬೆಂಚಿನಿಂದ ಗಂಗಣ್ಣ ಕರೆದರು. ಬಾಂಡಲೆಯ ಮುಂದೆ ಬಿಸಿನೀರಿಗೆ ಕೈಯಿಟ್ಟು ನೂಲು ಬಿಚ್ಚಿದ್ದ ಬೆರಳುಗಳು ಅವು, ತುದಿಗಳೆಲ್ಲ ಬೆಳ್ಳಗೆ ಸುಕ್ಕಿದ್ದವು. ಕಸುಬು ಬಿಟ್ಟು ಎಷ್ಟೋ ವರ್ಷವಾದರೂ ದಿನವೂ ಬಂದು ಕೂರುತ್ತಿದ್ದರು.

"ಇದೀನಿ ಮಾವ. ರೇಟು ನೋಡಿದ್ರಾ?"

"ನಂಗ್ಯಾಕಪ್ಪ ರೇಟು. ಗೂಡಿನ ಮಖ ನೋಡ್ಕೊಂಡ್ ಹೋಗಾಣ ಅಂತ ಬತ್ತೀನಿ."

"ಅಲ್ಲ, ಮನೇಲಿ ಮೊಮ್ಮಕ್ಳು ಫೋನಲ್ಲಿ ತೋರಿಸ್ತಿದ್ರಲ್ಲ, ನನ್ ಪೇಜು."

"ಆವಾಗ ತೋರುಸ್ತಿದ್ವು. ಈಗ ಫೋನು ನನ್ ಕೈಗೆಲ್ಲಿ ಕೊಟ್ಟಾವು? ಕೊಟ್ರೂ ಯಾವಳೋ ಕುಣೀತಿರ್ತಾಳೆ." ಗಂಗಣ್ಣ ನಕ್ಕು, ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನಿನ್ ಹೆಂಡ್ತಿ ಕಟ್ಟೋ ಕುಚ್ಚು ಬೋ ಪಸಂದಾಗ್ತದಂತಲ್ಲೋ. ನಮ್ ಸೊಸೆ ಹೇಳ್ತಿದ್ಲು. ಗಟ್ಟಿಗಿತ್ತಿ ಬುಡು."

ಅಂಬರೀಶ್ ಹೌದು ಮಾವ ಎಂದ. ಹಾಗೆನ್ನುವಾಗ ಎದೆಯಲ್ಲಿ ಒಂದು ಸುಖವೂ ಅದರ ಬೆನ್ನಿಗೇ ಒಂದು ಚುಚ್ಚೂ ಬಂದವು, ಒಂದೇ ಬಾಗಿಲಿಂದ, ಯಾವುದು ಮೊದಲು ಬಂತೆಂದು ತಿಳಿಯದಂತೆ. ಅವಳನ್ನು ಹೊಗಳಿದರೆ ಅವನಿಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಸಂತೋಷವಾಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡಿಕೊಳ್ಳಬೇಕಾಗಿ ಬರುತ್ತಿದ್ದುದೇ ತೊಂದರೆ. ಕರೆಂಟು ಹೋದ ದಿನ ಆ ಪರೀಕ್ಷೆಯಲ್ಲಿ ಅವನು ಫೇಲಾಗಿದ್ದ. ಹೋದ ವಾರದ ಮಾತು. ಅದರ ಹಿಂದಿನ ದಿನವಷ್ಟೇ, ಮೂರು ತಿಂಗಳ ತಾಂತ್ರಿಕ ಕಾರಣಗಳು ಮುಗಿದು, ಅವನು ಸೋತು, ಆಯ್ತು ನೀನೇ ಮುಂದೆ ಕೂತ್ಕೋ ಎಂದಿದ್ದ. ಅಪಾಚೆಯನ್ನು ನಿಲ್ಲಿಸಿ ಅವಳದನ್ನು ಎಂಬತ್ತಕ್ಕೆ ತಂದಿದ್ದರು. ನಿಲ್ಲಿಸಿದ್ದ, ಅಷ್ಟೆ. ಮಿಷನ್ನು ಆರಿ ಹೊತ್ತಿದ ಕೂಡಲೇ ತಾನೇ ಎದ್ದು ಎಂಬತ್ತಕ್ಕೆ ಹೋಗಿ ಕೂರು ಎಂದು ಅಪಾಚೆಗೆ ಕಲಿಸಿಟ್ಟಿದ್ದನ್ನು ಅಳಿಸಿರಲಿಲ್ಲ. ಮರೆತಿದ್ದೆ ಎಂದು ತನಗೆ ತಾನು ಹೇಳಿಕೊಂಡಿದ್ದ. ವಿಜಯಪುರದಲ್ಲಿ ಕರೆಂಟು ಹೋಗುವುದಿಲ್ಲ ಎಂದು ನಂಬಿ ಮರೆಯುವಷ್ಟು ಮುಗ್ಧನೇ ಅವನು? ಹೋಯಿತು. ಬಂತು. ಮಿಷನ್ನು ಎದ್ದಿತು. ಸರ್ವರ್‌ಗಳಿಬ್ಬರೂ ಬಾಗಿಲಿಗೆ ಓಡಿದರು. ಹಳಬ ಮೊದಲು ತಲುಪಿದ. ಅವಳದು ಜಾಗವಿಲ್ಲದೆ ಸತ್ತಿತು. ದೇವನಹಳ್ಳಿಯಿಂದ ಮುನಿರತ್ನಮ್ಮ ಎಂಬ ಗಿರಾಕಿ ಫೋನು ಮಾಡಿ ಗಂಟಲು ಹರಿಯುವಂತೆ ಕೂಗಿದ್ದರು, ಅಂಗಡಿಗೆಲ್ಲ ಕೇಳಿಸುವಂತೆ: "ಏನಮ್ಮಾ ರಂಜಿತಾ, ಕುಚ್ಚು ನೋಡಾಣ ಅಂತ ಒತ್ತಿದ್ರೆ ಗೂಡಿನ ರೇಟು ಬತ್ತದೆ. ನಾನೇನು ಸೀರೆ ಉಟ್ಕೊಳ್ಲಾ, ಹುಳ ಸಾಕ್ಲಾ?" ಅದಾದ ಮೇಲೆ ಇನ್ನೊಂದು ಫೋನು, ಮತ್ತೊಂದು. ಅರ್ಧ ಗಂಟೆ ನಿಂತದ್ದಕ್ಕೆ ಅಷ್ಟು ಫೋನು. ಮೇಜಿನ ಹಿಂದೆ ಕೂತ ಅಂಬರೀಶ್ ಪರದೆಯ ಮೇಲೆ ತನ್ನ ಮೂರು ಅಂಕಿಗಳು ಬೆಳಗುವುದನ್ನು ನೋಡುತ್ತಾ, ಮುಖವನ್ನು ಗಂಭೀರವಾಗಿಟ್ಟುಕೊಳ್ಳಲು ತುಟಿ ಕಚ್ಚಿದ್ದ. ಆ ನಗು. ಅದು ಯಾರಿಗೂ ಕಂಡಿರಲಿಲ್ಲ, ಆದರೆ ಈಗಲೂ ಬಾಯೊಳಗೆ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಇತ್ತು.

ರಂಜಿತ ಕೂಗಾಡಲಿಲ್ಲ. ಬಂದು ಸ್ಟೂಲು ಎಳೆದು ಕೂತು, ಮಿಷನ್ನಿನ ತೀರ್ಪು ಓದಿ, ಅಪಾಚೆಯನ್ನು ನಿಲ್ಲಿಸಿ, ತಾನಾಗಿ ಏಳುವ ಅದರ ಚಾಳಿಯನ್ನು ಬಿಡಿಸಿ, ತನ್ನದನ್ನು ಎಬ್ಬಿಸಿದಳು. "ನಿಮ್ದನ್ನ ನಾನು ಮುಟ್ಟಲ್ಲ. ನೀವೇ ಎಂಟು ಸಾವಿರದ ಎಂಬತ್ತಕ್ಕೆ ಹಾಕಿ ಎಬ್ಬಿಸ್ಕೊಳ್ಳಿ," ಎಂದಳು. "ಆಯ್ತು," ಎಂದಿದ್ದ ಅಂಬರೀಶ್. ಎಬ್ಬಿಸದೆ ಬಿಟ್ಟದ್ದು ಮೊದಲ ದಿನ ಹಟಕ್ಕೆ. ಅವಳದು ಅರ್ಧ ಗಂಟೆ ನಿಂತರೆ ಇಷ್ಟು ಫೋನು ಬಂತಲ್ಲ, ತನ್ನದು ಒಂದು ದಿನ ನಿಲ್ಲಲಿ, ಊರು ಏನೆನ್ನುತ್ತದೋ ಅವಳೂ ನೋಡಲಿ ಎಂದು. ಊರು ಏನೂ ಅನ್ನಲಿಲ್ಲ. ಎರಡನೆಯ ದಿನವೂ ಅನ್ನಲಿಲ್ಲ. ಮೂರನೆಯ ದಿನ ಫೋನು ಕೆಟ್ಟಿದೆಯೇನೋ ಎಂದು ತನಗೆ ತಾನೇ ಇನ್ನೊಂದು ಫೋನಿನಿಂದ ಕರೆ ಮಾಡಿ ನೋಡಿದ್ದ. ಕೆಟ್ಟಿರಲಿಲ್ಲ. ಎತ್ತಿಕೊಂಡು ಹಲೋ ಕೂಡ ಅಂದಿದ್ದ.

ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ ಮುನಿರಾಜ್ ಸಿಕ್ಕಿದ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಈಗ ಆರು ಬಾಂಡಲೆಯ ರೀಲಿಂಗ್ ಘಟಕದ ಮಾಲೀಕ. ಗೂಡಿನ ಪೇಜು ಹುಟ್ಟಿದ್ದೇ ಮುನಿರಾಜನಿಂದ ಎನ್ನಬಹುದು. ಆಗ ಮುನಿರಾಜ್ ಬೆಳಿಗ್ಗೆಯೇ ಫೋನು ಮಾಡಿ, ಲೇ ರೇಟ್ ಹಾಕ್ಲಾ, ಇಲ್ಲಿ ನೀರು ಕಾದು ಕೂತದೆ ಎಂದು ಬೈಯುತ್ತಿದ್ದ. ಐದು ನಿಮಿಷ ತಡವಾದರೆ ಸೂಲಿಬೆಲೆಯ ಕಡೆಯಿಂದ, ಶಿಡ್ಲಘಟ್ಟದ ಕಡೆಯಿಂದ ಯಾರ‍್ಯಾರೋ ಕರೆಯುತ್ತಿದ್ದರು. ರೇಟು ಅಂಬರೀಶ್ ಎಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು. ಈಗಲೂ ಹೆಸರು ಮಾತ್ರ ಹಾಗೇ ಉಳಿದಿತ್ತು, ಕಸುಬು ಬಿಟ್ಟ ಮೇಲೂ ಮನೆತನಕ್ಕೆ ಅಂಟಿಕೊಂಡ ಹೆಸರಿನ ಹಾಗೆ.

"ಬಾ ಗುರು, ರೇಟು! ಇಬ್ರುಗೂ ಟೀ ಹಾಕಣ್ಣೋ," ಎಂದ ಮುನಿರಾಜ್. "ಏನ್ಲಾ ಮಖ ಹಿಂಗಿದೆ? ಹಬ್ಬಕ್ಕೆ ಸೀರೆ ತರ್ಲಿಲ್ವಾ?"

"ತಂದಿದೀನಿ ಕಣೋ. ಕುಚ್ಚು ಕಟ್ಟೋಕೆ ಅವಳಿಗೇ ಟೈಮಿಲ್ಲ." ಟೀ ಬಂತು. ಅಂಬರೀಶ್ ಲೋಟದ ಅಂಚನ್ನು ಬೆರಳಿನಿಂದ ಒರೆಸಿದ. ಕೇಳಬಾರದು ಎಂದುಕೊಂಡ, ಕೇಳಿದರೆ ಲೆಕ್ಕಕ್ಕೆ ಬರುವುದಿಲ್ಲ, ಅವರಾಗಿಯೇ ಹೇಳಬೇಕು. "ಇವತ್ತು ರೇಟ್ ನೋಡಿದ್ಯಾ?" ಎಂದು ಕೇಳಿದ.

"ನೋಡ್ದೆ ನೋಡ್ದೆ. ಏನ್ ಸುಖ, ಹೆಚ್ಚಿಂದೂ ಇಳೀತು."

"ಎಲ್ಲಿ ನೋಡ್ದೆ?"

ಮುನಿರಾಜ್ ಟೀ ಹೀರುತ್ತಿದ್ದವನು ಲೋಟದ ಮೇಲಿಂದ ಅವನನ್ನು ನೋಡಿದ. ಪಕ್ಕದಲ್ಲಿ ಬೋಂಡ ಎಣ್ಣೆಗೆ ಬಿದ್ದು ಎದ್ದು ಹೊರಳಿಕೊಂಡಿತು. "ಇನ್ನೆಲ್ಲಿ ನೋಡಾನ್ಲಾ? ನಿನ್ ಪೇಜಲ್ಲೇ. ಬೆಳಗ್ಗೆ ಎದ್ದೇಟ್ಗೆ ಅದೇ ತೆಗೆಯೋದು ನಾನು. ಅದಿಲ್ದೆ ಆಯ್ತದಾ?"

ಅಂಬರೀಶ್ ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದ. ಗಂಟಲು ಸುಟ್ಟಿತು. ಒಂದು ವಾರದಿಂದ ಸತ್ತು ಬಿದ್ದಿರುವ ಪೇಜು ಕಣೋ ಅದು ಎಂದು ಹೇಳಿದರೆ ಮುನಿರಾಜನ ಮುಖ ಏನಾಗುತ್ತಿತ್ತು? ಅವನು ಸುಳ್ಳನಲ್ಲ. ಗೂಡಿಗೆ ನೀರು ಚಿಮುಕಿಸಿ ತೂಕ ಏರಿಸುವವರನ್ನು ಕಂಡರೆ ಹೊಡೆಯಲು ಹೋಗುವವನು. ಅಂಥವನು ಇಷ್ಟು ಸಲೀಸಾಗಿ, ಇಷ್ಟು ಬೆಚ್ಚಗೆ ಸುಳ್ಳು ಹೇಳಬೇಕಾದರೆ ಇದು ಇವತ್ತಿನದಲ್ಲ. ಎಷ್ಟು ವರ್ಷದಿಂದ ಹೀಗೆ ತನ್ನನ್ನು ಸಾಕುತ್ತಿದ್ದಾರೆ ಇವರೆಲ್ಲ, ಮನೆಯ ಹಿರಿಯನಿಗೆ ನಿಮ್ಮ ಕಾಲದಲ್ಲಿ ಹೇಗಿತ್ತು ತಾತ ಎಂದು ಕೇಳಿ ಕೇಳಿಸಿಕೊಳ್ಳದೆ ತಲೆಯಾಡಿಸುವ ಹಾಗೆ? ಅವಮಾನವಾಯಿತು. ಅವಮಾನದ ಒಳಗೆ ಕೈಹಾಕಿ ನೋಡಿದರೆ ಅಲ್ಲಿ ಒಂದು ಪ್ರೀತಿಯೂ ಕುಕ್ಕರುಗಾಲಲ್ಲಿ ಕೂತಿತ್ತು, ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. "ಥ್ಯಾಂಕ್ಸ್ ಕಣೋ," ಎಂದ.

"ಥ್ಯಾಂಕ್ಸ್ ಯಾಕ್ಲಾ?" ಮುನಿರಾಜ್ ಗಾಬರಿಯಾದ. "ಬೋಂಡ ತಿನ್ನು. ತಿನ್ನಪ್ಪಾ. ಹುಷಾರಿದೀಯ ತಾನೆ?"

ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಜನ. ಪಹಣಿ, ಮಾರ್ಕ್ಸ್ ಕಾರ್ಡು, ವರಮಹಾಲಕ್ಷ್ಮಿಯ ಬಣ್ಣದ ಪಟ. ಪ್ರತಿಯೊಬ್ಬರೂ ಬಾಗಿಲಲ್ಲಿ ಕಾಣಿಸಿದಾಗ ಅಂಬರೀಶನ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ಅವರು ಬಾಯಿ ಬಿಟ್ಟು ಎರಡೆರಡು ಕಾಪಿ ಎನ್ನುತ್ತಿದ್ದರು. ಬೈವೋಲ್ಟಿನ್ ರೇಷ್ಮೆಹುಳು ಸಾಕುವ ಒಬ್ಬ ರೈತ, ಪೇಜು ಶುರುವಾದ ಹೊತ್ತಿನಿಂದಲೂ ಗೊತ್ತಿದ್ದವನು, ಹೊಸ್ತಿಲ ತನಕ ಹೋಗಿ ತಿರುಗಿ ನಿಂತು, "ಅಣ್ಣಾ, ಒಂದ್ ಮಾತು ಕೇಳಾಣ ಅಂತ," ಎಂದ. ಅಂಬರೀಶ್ ಎದ್ದೇ ನಿಂತ. "ಅಕ್ಕಾರು ಇವತ್ತು ಕೊಟ್ರೆ ಬೆಳಗ್ಗೆ ಹೊತ್ಗೆ ಕುಚ್ಚು ಕಟ್ಕೊಡ್ತಾರಾ?" ಒಳಗೆ ಹೋಗಿ ಕೇಳು ಎಂದು ಅಂಬರೀಶ್ ಕೈ ತೋರಿಸಿ ಕೂತ. ಅವಳು ಮುಂದೆ, ನಾನು ಹಿಂದೆ ಎಂದು ಲೋಕ ಬರೆದಿಟ್ಟಿತ್ತು. ಈಗ ಮುಂದಿದ್ದವನು ತಾನೇ ಆಗಿ ಅವಳ ಗಿರಾಕಿಯನ್ನು ಒಳಗೆ ಕಳಿಸುತ್ತಿದ್ದನಲ್ಲ, ಇದನ್ನು ಯಾವ ಜಾಣನೂ ಬರೆದಿರಲಿಲ್ಲ. ಅವನಿಗೆ ನಗು ಬಂತು. ಹಾಗೆ ಕಳಿಸುವುದರಲ್ಲಿ ತನಗೆ ಏನೂ ನೋವಾಗಲಿಲ್ಲವೆಂಬುದನ್ನು ಅವನು ಆಮೇಲೆ ಗಮನಿಸಿದ.

ಸಂಜೆ ಬೀದಿಯ ಹೂವಿನವರ ಕೂಗು ಜೋರಾಗಿದ್ದಾಗ ಅಂಗಡಿ ಖಾಲಿಯಾಯಿತು. ಶಟರನ್ನು ಅರ್ಧ ಎಳೆದು ಅಂಬರೀಶ್ ಮಿಷನ್ನಿನ ಮುಂದೆ ಕೂತ. ಮೊದಲು ದಿನದ ಮೂರು ಅಂಕಿಗಳನ್ನು ಫೈಲಿನಲ್ಲಿ ಹಾಕಿದ. ಕಿತ್ತುಹಾಕುವ ಮುಂಚೆ ಹಾಕುವುದು ಯಾಕೆಂದರೆ, ಸ್ನಾನ ಮಾಡಿಸದೆ ಯಾರನ್ನೂ ಕಳಿಸಬಾರದು. ಆಮೇಲೆ ಅಪಾಚೆಯನ್ನು ತೆಗೆದುಹಾಕುವ ಆಜ್ಞೆಯನ್ನು ಒಂದೊಂದೇ ಅಕ್ಷರ ಬರೆದು ಒತ್ತಿದ. ಮಿಷನ್ನು ಸ್ವಲ್ಪ ಯೋಚಿಸಿ, ಇದನ್ನು ತೆಗೆದರೆ ನಿಮಗೆ ಇಷ್ಟು ಜಾಗ ಉಳಿಯುತ್ತದೆ ಎಂದು ವಿನಯದಿಂದ ತಿಳಿಸಿತು. ಅಂಬರೀಶ್ ಆ ಅಂಕಿಯನ್ನು ಎರಡು ಸಲ ಓದಿದ. ರಂಜಿತಳ ಒಂದೆರಡು ಕುಚ್ಚಿನ ಫೋಟೋಗಳು ಹಿಡಿಯುವಷ್ಟು ಜಾಗ. ಕಂಡಕ್ಟರಿಗೂ ಗೊತ್ತಿದ್ದ ಹೆಸರು, ಸೂಲಿಬೆಲೆಯ ಫೋನುಗಳು, ಕಾದ ನೀರಿನ ಮುಂದೆ ಬೈಯುತ್ತಿದ್ದ ಮುನಿರಾಜ್, ಎಲ್ಲ ಸೇರಿ ಅಷ್ಟೇ ಇದ್ದದ್ದು. ಕೆಳಗೆ ಇನ್ನೊಂದು ಸಾಲು: ಮುಂದುವರಿಯಲೇ, ಹೌದೋ ಅಲ್ಲವೋ. ಅದರ ತುದಿಯಲ್ಲಿ ಕರ್ಸರು ಮಿಟುಕುತ್ತಿತ್ತು.

"ಅಯ್ಯೋ, ಏನ್ ಮಾಡ್ತಿದೀರಿ?"

ರಂಜಿತ ಒಳಬಾಗಿಲಲ್ಲಿ ನಿಂತಿದ್ದಳು. ಕೂದಲಲ್ಲಿ ಚಿನ್ನದ ಬಣ್ಣದ ಜರಿಯ ಎಳೆಗಳು ಅಂಟಿಕೊಂಡಿದ್ದವು, ಬೆರಳುಗಳಿಗೆ ದಾರ ಕೊಯ್ದ ಗೆರೆಗಳು. ಪರದೆಯನ್ನು ಓದಿದಳು. ಅಂಬರೀಶ್ ಮುಚ್ಚಿಡಲು ಹೋಗಲಿಲ್ಲ.

"ತೆಗೀತಿದೀನಿ. ನೋಡೋರಿಲ್ಲ ಕಣೆ ಇದನ್ನ. ಒಂದು ವಾರ ನಿಲ್ಸಿ ನೋಡ್ದೆ. ಒಬ್ಬನೂ ಕೇಳ್ಲಿಲ್ಲ. ಮುನಿರಾಜ ಅಂತೂ ಬೆಳಗ್ಗೆ ನೋಡಿದೀನಿ ಅಂತಾನೆ, ನಿಂತಿರೋ ಪೇಜನ್ನ!"

"ಪಾಪ," ಎಂದಳು ಅವಳು. ಯಾರಿಗೆ ಅಂದಳೋ ತಿಳಿಯಲಿಲ್ಲ. ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. "ನೋಡೋರಿಲ್ಲ ಅಂತ ನಂಗೊತ್ತು."

"ಯಾವಾಗಿಂದ?"

"ಎರಡು ವರ್ಷ ಆಗಿರ್ಬೋದು. ಈಗೆಲ್ಲ ಅವರವರ ಫೋನಿಗೇ ಬರತ್ತಲ್ಲ ರೀ."

"ಹೇಳ್ಬಾರ್ದಿತ್ತಾ?"

"ಹೆಂಗ್ ಹೇಳ್ಲಿ? ಈ ವಾರ ಅಂತೂ ಬಾಗಿಲು ಕಿತ್ಕೊಂಡೋಳೇ ನಾನು. ನಿಮ್ದು ಯಾಕೆ ನಿಂತಿದೆ ಅಂತ ನಾನೇ ಕೇಳಿದ್ರೆ ಕೊಂಕು ಅಂತಿದ್ರಿ. ನೀವಾಗೇ ಎಬ್ಬಿಸ್ತೀರಿ ಅಂತ ದಿನಾ ನೋಡ್ತಿದ್ದೆ." ಅವಳು ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ; ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಒತ್ತಿಕೊಳ್ಳುತ್ತಿದ್ದಳು. "ಸೋಮವಾರ ಹೆಚ್ಚಿಂದನ್ನ ಕಡಿಮೆ ಕಡೆ, ಕಡಿಮೇದನ್ನ ಹೆಚ್ಚಿನ ಕಡೆ ಹಾಕಿದ್ರಿ. ನಿನ್ನೆ ಒಂದು ಸೊನ್ನೆ ಜಾಸ್ತಿ. ಆರು ಸಾವಿರಕ್ಕೆ ಗೂಡು ಹೋದ್ರೆ ನಾವೆಲ್ಲಿರ್ತಿದ್ವಿ?"

ಅಂಬರೀಶ್ ಅವಳ ಕಡೆ ತಿರುಗಿದ. "ನೀನು ಎಲ್ಲಿ ನೋಡ್ದೆ? ಸರ್ವರೇ ನಿಂತಿತ್ತಲ್ಲ."

"ಸರ್ವರ್ ಯಾಕೆ ಬೇಕು? ಒಂದೇ ಮಿಷನ್ನಲ್ಲಿ ಇದೀವಿ. ಫೈಲ್ ತೆಗೆದು ನೋಡ್ತೀನಿ. ಮನೆಯೋಳು ಯಾವ ಬಾಗಿಲು ತಟ್ಟಬೇಕು?"

"ನೋಡಿ?"

"ತಿದ್ತೀನಿ. ಇನ್ನೇನ್ ಮಾಡ್ಲಿ? ಮುಂಚಿಂದ್ಲೂ ತಿದ್ತಿದೀನಿ. ನೀವು ಅಂಗಡೀಲಿ ಗಿರಾಕಿ ಜೊತೆ ಮಾತಾಡ್ತಾ ಹಾಕ್ತೀರ, ತಪ್ಪಾಗತ್ತೆ."

"ಈ ವಾರಾನೂ ತಿದ್ದಿದ್ಯಾ?"

"ಹೂಂ."

"ಯಾರಿಗೂ ಕಾಣ್ತಿರ್ಲಿಲ್ವಲ್ಲೇ. ಪ್ರಪಂಚದಲ್ಲಿ ಒಂದು ನರಪಿಳ್ಳೆಗೂ ಕಾಣ್ತಿರ್ಲಿಲ್ಲ."

"ತಪ್ಪಿತ್ತಲ್ಲ ರೀ," ಎಂದಳು ರಂಜಿತ, ಅವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ.

ಹೊರಗೆ ಹೂವಿನವಳು ಮಾರು ಮಲ್ಲಿಗೆಗೆ ಇನ್ನೊಂದು ರೇಟು ಕೂಗಿದಳು. ಬೆಳಿಗ್ಗೆಯ ತೀರ್ಮಾನದಲ್ಲಿ ಊರು ಎಂದರೆ ಯಾರು ಯಾರು ಎಂದು ಅವನು ಸ್ಪಷ್ಟಪಡಿಸಿಕೊಂಡಿರಲಿಲ್ಲ. ಆ ಮೇಜಿನ ಪಕ್ಕ ಅರ್ಧ ಕಟ್ಟಿದ ಸೆರಗು ಹಿಡಿದು ಇವಳು ನಿಂತಿದ್ದಾಗೆಲ್ಲ, ಅದಕ್ಕೆ ಮುಂಚೆಯೇ ಫೈಲಿನೊಳಗೆ ಹೋಗಿ ಅವನ ತಪ್ಪು ಸೊನ್ನೆಗಳನ್ನು ಅಳಿಸಿ ಬಂದಿದ್ದಳೋ ಏನೋ. ಲೋಕಕ್ಕೆ ಹಂಚುತ್ತಿದ್ದೇನೆ ಎಂದುಕೊಂಡು ಇಷ್ಟು ದಿನ ಹಂಚಿದ್ದನ್ನು ಮನೆಯವಳೊಬ್ಬಳು ದಿನವೂ ಒಂದು ಸಲ ಸರಿಯಾಗಿ ಓದಿದ್ದಳು. ಬೇರೆ ಯಾರೂ ಇಷ್ಟು ಸರಿಯಾಗಿ ಓದಿರಲಿಕ್ಕಿಲ್ಲ, ರೇಟು ಅಂಬರೀಶನ ಒಳ್ಳೆಯ ಕಾಲದಲ್ಲೂ.

"ಅದು ಕೇಳ್ತಾ ಕೂತಿದೆ, ಪಾಪ. ಹೌದೋ ಅಲ್ವೋ ಹೇಳಿ," ಎಂದಳು ರಂಜಿತ ಪರದೆ ತೋರಿಸಿ. "ನಂಗಿನ್ನೂ ನಾಲ್ಕು ಸೀರೆ ಇದೆ. ದಾರಿ ಅಂತೂ ನಾನು ಮೊದಲ್ನೇ ದಿವಸಾನೇ ಬರೆದಿಟ್ಟಿದೀನಿ, ಗೂಡು ಅಂತ ಕೇಳ್ಕೊಂಡು ಬಂದೋರನ್ನ ಹಿಂದಕ್ಕೆ ಕಳ್ಸು ಅಂತ. ಹಿಂದೆ ಕೂರೋರು ಇಲ್ಲ, ಅಷ್ಟೆ."

"ಇವತ್ತಿಂದು ಸರಿಯಾಗಿದೆಯಾ ನೋಡು," ಎಂದ ಅಂಬರೀಶ್.

ಅವಳು ಬಾಗಿ ನೋಡಿದಳು. ಕೂದಲಿನ ಜರಿ ಅವನ ಕೆನ್ನೆಗೆ ತಾಕಿತು. "ಸರಾಸರಿ ತಪ್ಪು," ಎಂದಳು.

ಅಂಬರೀಶ್ ಮಿಷನ್ನಿಗೆ ಅಲ್ಲ ಎಂದು ಉತ್ತರ ಕೊಟ್ಟ. ಸರಾಸರಿಯನ್ನು ತಿದ್ದಿದ. ಎಂಬತ್ತು ಎಂದಿದ್ದ ಕಡೆ ಎಂಟು ಸಾವಿರದ ಎಂಬತ್ತು ಎಂದು ಬರೆದು ಅಪಾಚೆಯನ್ನು ಎಬ್ಬಿಸಿದ. ಎರಡು ಸರ್ವರ್‌ಗಳೂ ಈಗ ಒಂದೇ ಮಿಷನ್ನಿನಲ್ಲಿ ನಡೆಯುತ್ತಿವೆ. ಮುಂದಿನದು ರಂಜಿತಳದು, ಹಿಂದಿನದು ಅಂಬರೀಶನದು.